ಇಲಿ ಕಡಿದ ಹದಿನಾಲ್ಕು ತಂತಿಗಳು

ಜೂನ್ ಕಳೆದು ಮಳೆ ಹಿಡಿದುಕೊಂಡಿತೆಂದರೆ ಡೊಂಬಿವಲಿ, ಕಲ್ಯಾಣ್ ಕಡೆಯ ಗ್ಯಾರೇಜುಗಳಲ್ಲಿ ಇಲಿಗಳ ಸೀಸನ್ ಶುರುವಾಗುತ್ತದೆ. ಗಟಾರಗಳು ತುಂಬಿ ಬಿಲಗಳಿಗೆ ನೀರು ನುಗ್ಗುತ್ತದೆ. ಆಗ ಅವಕ್ಕೆ ಬೇಕಾದದ್ದು ಒಣಗಿದ, ಬೆಚ್ಚಗಿನ, ಮನುಷ್ಯರು ಕೈ ಹಾಕದ ಜಾಗ. ಸಂಜೆ ತಂದು ನಿಲ್ಲಿಸಿದ ಕಾರಿನ ಬಾನೆಟ್ಟಿನೊಳಗೆ ಈ ಮೂರೂ ಒಟ್ಟಿಗೆ ಸಿಗುತ್ತವೆ. ಇಲಿಯ ಮುಂದಿನ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ಏನನ್ನಾದರೂ ಕಡಿದು ಸವೆಸದೆ ಅದಕ್ಕೆ ಗತಿಯಿಲ್ಲ. ಹೊಸ ಕಾರುಗಳ ತಂತಿಯ ಹೊದಿಕೆಯಲ್ಲಿ ಸೋಯಾ ಅಂಶ ಇರುವುದರಿಂದಲೇ ಇಲಿ ಬರುತ್ತದೆ ಎಂದು ವಾಟ್ಸಾಪಿನಲ್ಲಿ ಓದಿರುತ್ತೀರಿ. ನಮ್ಮದು 2009ರ ಮಾರುತಿ 800. ಅದರ ತಂತಿಗೆ ಸಾದಾ ಪಿವಿಸಿ ಹೊದಿಕೆ. ನಮ್ಮ ಸೊಸೈಟಿಯ ಇಲಿ ಸೋಯಾ ಇದೆಯೋ ಇಲ್ಲವೋ ಎಂದು ವಿಚಾರಿಸಲು ಹೋಗಲಿಲ್ಲ.

2024ರ ಜುಲೈಯಲ್ಲಿ ಒಂದು ಬೆಳಿಗ್ಗೆ ಅಪ್ಪ ಗಾಡಿ ಸ್ಟಾರ್ಟ್ ಮಾಡಲು ಹೋದಾಗ ಸೆಲ್ಫ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಕೇಳುವ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಸದ್ದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳಲಿಲ್ಲ. ಎಡಗಡೆಯ ಹೆಡ್‌ಲೈಟೂ ಸತ್ತಿತ್ತು. ಬಾನೆಟ್ ಎತ್ತಿದರೆ ಬ್ಯಾಟರಿಯ ಹಿಂದೆ, ಎಂಜಿನ್ ಕಡೆಯಿಂದ ಕ್ಯಾಬಿನ್ನಿನೊಳಗೆ ಹೋಗುವ ದಪ್ಪ ಕಟ್ಟು ಬ್ರಶ್ಶಿನ ಹಾಗೆ ಬಿಚ್ಚಿಕೊಂಡಿತ್ತು. ಹನ್ನೊಂದು ತಂತಿಗಳು ಪೂರ್ತಿ ತುಂಡು, ಮೂರರ ಹೊದಿಕೆ ಮಾತ್ರ ಹೋಗಿ ತಾಮ್ರ ಹೊಳೆಯುತ್ತಿತ್ತು. ಕೆಲವು ಕಡೆ ಎರಡು ಇಂಚು ತಂತಿಯೇ ಇಲ್ಲ. ಅದನ್ನು ಗೂಡಿಗೆ ಸಾಗಿಸಿರಬೇಕು.

ಟೋಯಿಂಗ್ ಮಾಡಿಸಿ ಒಂದು ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದೆವು. ಹೆಸರು ಬೇಡ. ಅವರ ಉತ್ತರ ಎರಡೇ ಮಾತಿನದು: ಕಡಿದ ವಾಯರಿಂಗ್ ರಿಪೇರಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ, ಹಾರ್ನೆಸ್ ಪೂರ್ತಿ ಬದಲಿಸಬೇಕು. ಆ ಮಾಡೆಲಿನದು ಸ್ಟಾಕಿನಲ್ಲಿಲ್ಲ, ಯಾವಾಗ ಬರುತ್ತದೆ ಎಂದು ಹೇಳಲೂ ಆಗುವುದಿಲ್ಲ. ಬಂದರೆ ತಗಲುವ ಖರ್ಚು ಎಂದು ಅವರು ಬಾಯಲ್ಲಿ ಹೇಳಿದ ಅಂದಾಜು, ಗಾಡಿ ಮಾರಿದರೆ ಸಿಗುವ ಮೊತ್ತದ ಹತ್ತಿರ ಹತ್ತಿರ ಇತ್ತು. ಅವರ ಕಡೆಯಿಂದ ನೋಡಿದರೆ ಅದು ಪೂರ್ತಿ ತಪ್ಪಲ್ಲ. ಜಾಯಿಂಟ್ ಹಾಕಿ ಕೊಟ್ಟ ಗಾಡಿ ನಾಳೆ ಹೊತ್ತಿ ಉರಿದರೆ ಯಾರು ಉತ್ತರ ಕೊಡಬೇಕು? ಆದರೆ 800ರ ಉತ್ಪಾದನೆ ನಿಂತದ್ದು 2014ರ ಜನವರಿಯಲ್ಲಿ. ಹತ್ತು ವರ್ಷದ ಮೇಲೆ 'ಪೂರ್ತಿ ಬದಲಿಸಿ' ಎಂದರೆ ಗುಜರಿಗೆ ಹಾಕಿ ಎಂದೇ ಅರ್ಥ.

ಗುಜರಿಯ ಮಾತೂ ಹತ್ತಿರದಲ್ಲೇ ಇತ್ತು. ಆಗಸ್ಟಿಗೆ ಆರ್‌ಸಿಯ 15 ವರ್ಷ ಮುಗಿಯುವುದಿತ್ತು. 2022ರ ಏಪ್ರಿಲ್‌ನಿಂದ ಹಳೆಯ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, ತಡವಾದರೆ ತಿಂಗಳಿಗೆ 500 ದಂಡವಿತ್ತು. ಮೇಲೆ ರಾಜ್ಯದ ಪರಿಸರ ತೆರಿಗೆ ಬೇರೆ. ಗಾಡಿಯನ್ನು ಕಲ್ಯಾಣ್ ಆರ್‌ಟಿಓಗೆ ಓಡಿಸಿಕೊಂಡು ಹೋಗಿ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಬೇಕು, ಅಂದರೆ ಅದು ಓಡಬೇಕು. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ ಆದ್ದರಿಂದ ಆ ಬಾಗಿಲು ತಟ್ಟುವ ಹಾಗಿರಲಿಲ್ಲ.

ನನಗಾದರೆ ಆ ಗಾಡಿ ಬೇಕೇಬೇಕೆಂದಿಲ್ಲ. ವಾರದಲ್ಲಿ ಮೂರು ದಿನ ಲೋಕಲ್ ಹಿಡಿದು ಠಾಣೆಗೆ ಹೋಗಿ, ಅಲ್ಲಿಂದ ಐರೋಲಿಗೆ ಹೋಗುವವನು ನಾನು. ಬೇಕಾದದ್ದು ಅಪ್ಪನಿಗೆ. 71 ವರ್ಷ. ಎಂಐಡಿಸಿಯ ಕಾರ್ಖಾನೆಯಿಂದ ನಿವೃತ್ತರಾದ ವರ್ಷ ಕೈಗೆ ಬಂದ ಪಿಎಫ್ ಹಣದಲ್ಲಿ ಕೊಂಡ ಗಾಡಿ ಅದು. ಮಂಡಿ ನೋವಿನಿಂದ ಈಗ ರಿಕ್ಷಾ ಹತ್ತಿಳಿಯಲು ಆಗದು, ಆದರೆ 800ರ ಸೀಟಿಗೆ ಅವರ ಮೈ ಒಗ್ಗಿದೆ. ಹೊಸ ಗಾಡಿ ತರೋಣ ಎಂದರೆ, "ಈ ವಯಸ್ಸಿಗೆ ಹೊಸ ಕ್ಲಚ್ಚು ಕಲಿಯುವುದು ನನ್ನಿಂದಾಗದು ಮಾರಾಯ. ಇದು ಹೋದರೆ ಡ್ರೈವಿಂಗೂ ಹೋಯಿತು ಅಂತ ಲೆಕ್ಕ" ಎಂದರು. ಅವರು ಹಾಗೆ ಹೇಳಿದ್ದು ಬೇಸರದಿಂದಲ್ಲ, ಲೆಕ್ಕ ಹೇಳುವವರ ದನಿಯಲ್ಲಿ. ಆ ಗಾಡಿಯಲ್ಲಿ ಪಕ್ಕಕ್ಕೆ ಕೂರುವವಳು ಅಮ್ಮ. ಹಾಗಾಗಿ ರಿಪೇರಿ ಆಗಲೇಬೇಕು, ಮತ್ತು ಹೇಗೋ ಆಗುವ ರಿಪೇರಿ ಬೇಡ.

ಹಾರ್ನೆಸ್ ಎಂದರೆ ಏನೆಂದು ಒಂದು ಮಾತು. ಗಾಡಿಯ ಪ್ರತಿ ದೀಪ, ಹಾರ್ನ್, ಸೆನ್ಸರಿಗೂ ಹೋಗುವ ತಂತಿಗಳನ್ನು ಬೇರೆ ಬೇರೆ ಎಳೆಯದೆ ಒಂದೇ ಕಟ್ಟಾಗಿ ಸುತ್ತಿ, ಬೇಕಾದಲ್ಲಿ ಕೊಂಬೆ ಒಡೆಸಿದ ಮರ ಅದು. ರೋಬೋಗಳು ಬಾಡಿ ಬೆಸೆಯುವ ಈ ಕಾಲದಲ್ಲೂ ಹಾರ್ನೆಸ್ ಕಟ್ಟುವ ಕೆಲಸ ಬಹುಪಾಲು ಕೈಯಲ್ಲೇ ನಡೆಯುತ್ತದೆ: ಹಲಗೆಯ ಮೇಲೆ ಗೂಟಗಳ ನಡುವೆ ತಂತಿ ಹಾಸಿ, ಟೇಪು ಸುತ್ತಿ. ನಮ್ಮ ದೇಶದಲ್ಲಿ ಈ ಕೆಲಸದ ದೊಡ್ಡ ಹೆಸರು ಮದರ್‌ಸನ್. ತಾಯಿ ಮತ್ತು ಮಗ ಸೇರಿ 1975ರಲ್ಲಿ ಶುರುಮಾಡಿದ್ದರಿಂದ ಆ ಹೆಸರು. 1986ರಲ್ಲಿ ಜಪಾನಿನ ಸುಮಿಟೊಮೊ ಜೊತೆ ಸೇರಿ ಮಾರುತಿಗೆ ಹಾರ್ನೆಸ್ ಕೊಡಲು ತೊಡಗಿದರು. ಕೈಯಲ್ಲಿ ಕಟ್ಟಿದ್ದನ್ನು ಕೈಯಲ್ಲೇ ಬಿಚ್ಚಿ ಕಟ್ಟಬಹುದು ಎಂಬುದು ನನ್ನ ತರ್ಕ. ಅದಕ್ಕೆ ತಕ್ಕ ಕೈ ಸಿಗಬೇಕಿತ್ತು ಅಷ್ಟೇ.

ಸಿಕ್ಕಿದ್ದು ಕಲ್ಯಾಣ್-ಶೀಳ್ ರಸ್ತೆಯ ಪಕ್ಕದಲ್ಲಿ, ತಗಡಿನ ಶೆಡ್ಡಿನಲ್ಲಿ. 'ಆಟೋ ಎಲೆಕ್ಟ್ರಿಶಿಯನ್' ಎಂದು ಮರಾಠಿಯಲ್ಲಿ ಬರೆದ ಬೋರ್ಡು, ಒಳಗೆ ರೇಡಿಯೋದಲ್ಲಿ ಮರಾಠಿ ಭಾವಗೀತೆ. ನನ್ನ ಫೋನಿಗೆ ಮನೆಯಿಂದ ಕರೆ ಬಂದು ನಾನು ಮಾತಾಡಿದ ಮೇಲೆಯೇ ಅವರು, "ನೀವು ನಮ್ಮ ಕಡಿಯವರು?" ಎಂದು ಕೇಳಿದ್ದು. ವಿಜಯಪುರ ಜಿಲ್ಲೆಯವರು. ವಯಸ್ಸು ಅರವತ್ತರ ಮೇಲೆ. ಮರಾಠಿಯವರಿಗೂ ವಿಜಯಪುರದವರಿಗೂ ಚಿಕ್ಕಪ್ಪ 'ಕಾಕಾ'ನೇ ಆದ್ದರಿಂದ ಇಡೀ ರಸ್ತೆ ಅವರನ್ನು ಕಾಕಾ ಎನ್ನುತ್ತದೆ, ನಾನೂ ಹಾಗೇ ಕರೆದೆ.

ಕಾಕಾ ಕೆಲಸ ಕಲಿತದ್ದು ಕುರ್ಲಾದಲ್ಲಿ, ಪದ್ಮಿನಿ ಟ್ಯಾಕ್ಸಿಗಳ ಮೇಲೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದು ಮುಂದಿನ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಆ ಕಾರು ತಯಾರಾಗುತ್ತಿದ್ದದ್ದೂ ಕುರ್ಲಾದಲ್ಲೇ. ನಮ್ಮ ಕಡೆಗೂ ಆ ಕಂಪೆನಿಯ ನಂಟಿದೆ. 1990ರ ದಶಕದಲ್ಲಿ ಪ್ಯೂಜೋ 309 ಕಾರುಗಳು ಬರುತ್ತಿದ್ದದ್ದು ಕಲ್ಯಾಣ್ ಬಳಿಯ ಪ್ರೀಮಿಯರ್ ಕಾರ್ಖಾನೆಯಿಂದ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡ್‌ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರಿಗೆ ಅದರ ಕತೆ ಮುಗಿಯಿತು. ಕಾಕಾರಿಗೆ ಅದರ ಬಗ್ಗೆ ವಿಶೇಷ ದುಃಖವೇನಿಲ್ಲ. "ಪದ್ಮಿನಿಗೆ ವಾಯರ್ ಎಷ್ಟಿತ್ರಿ? ಕಣ್ಣು ಮುಚ್ಚಿ ಕಟ್ಟತಿದ್ವಿ. ಅದರಾಗ ಕಂಪ್ಯೂಟರ್ ಇರ್ಲಿಲ್ಲ, ಇಲಿ ಕಡದ್ರೂ ದೀಪ ಹೋಗ್ತಿತ್ತು, ಗಾಡಿ ನಿಲ್ತಿರ್ಲಿಲ್ಲ."

ಅವರ ನಿಜವಾದ ಪಾಠಶಾಲೆ 2005. ಆ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಉಲ್ಹಾಸ್ ನದಿ ಏರಿ ಬದ್ಲಾಪುರ, ಕಲ್ಯಾಣ್ ಮುಳುಗಿದವು. ನೀರಿನಲ್ಲಿ ಅದ್ದಿ ಎದ್ದ ಗಾಡಿಗಳ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ, ಒಣಗಿಸಿ, ಹಸಿರು ಕಿಲುಬು ಕೆರೆದು ಜೋಡಿಸುವುದರಲ್ಲೇ ಅವರಿಗೆ ಮುಂದಿನ ದೀಪಾವಳಿ ಬಂದಿತ್ತಂತೆ.

ನಮ್ಮ ಗಾಡಿಯ ಬಾನೆಟ್ಟಿನೊಳಗೆ ಟಾರ್ಚ್ ಹಿಡಿದು ಐದು ನಿಮಿಷ ನೋಡಿ ಕಾಕಾ ಹೇಳಿದ್ದು: "ಎರಡು ದಿನ ಬೇಕು. ಗಡಿಬಿಡಿ ಇದ್ರ ಬ್ಯಾರೆ ಕಡೆ ಹೋಗ್ರಿ." ಶನಿವಾರ, ಭಾನುವಾರ ನಾನೂ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಹೀಗೆ ಕೂತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮಲ್ಲಿ ಯಾರಾದರೂ ಘೋಡ್‌ಬಂದರ್ ರಸ್ತೆಯಲ್ಲೋ ಖಾರ್ಘರ್‌ನಲ್ಲೋ ಇದೇ ಬ್ರಶ್ಶನ್ನು ನೋಡುತ್ತಾ ನಿಲ್ಲುವ ದಿನ ಬರಬಹುದು. ಕೆಲಸ ನೀವೇ ಮಾಡದಿದ್ದರೂ ಮಾಡುವವನು ಸರಿಯಾಗಿ ಮಾಡುತ್ತಿದ್ದಾನೆಯೇ ಎಂದು ತಿಳಿಯಬೇಕು.

ಮೊದಲ ಕೆಲಸ ಬ್ಯಾಟರಿ ಬಿಚ್ಚುವುದು, ಅದರಲ್ಲೂ ಮೈನಸ್ ಮೊದಲು. ಗಾಡಿಯ ಇಡೀ ಬಾಡಿ ಮೈನಸ್ಸಿಗೆ ಕೂಡಿಕೊಂಡಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಅದರೊಳಗೆ ಹರಿಯುತ್ತದೆ. ಮೈನಸ್ ಮೊದಲು ಬಿಚ್ಚಿದರೆ ಆ ದಾರಿಯೇ ಕಟ್. ಮುಂದೆ ಕಟ್ಟಿನ ಟೇಪನ್ನು ಕಡಿದ ಜಾಗದಿಂದ ಎರಡೂ ಕಡೆಗೆ ಒಂದೊಂದು ಗೇಣು ಬಿಚ್ಚಿದರು. ಇಲಿ ಕಡಿದದ್ದು ಕಣ್ಣಿಗೆ ಕಾಣುವಲ್ಲಿ ಮಾತ್ರ ಎಂದು ನಂಬಬಾರದಂತೆ. ನಿಜವೇ, ಹೊದಿಕೆ ಹೋದ ಆ ಮೂರು ತಂತಿಗಳಲ್ಲಿ ಒಂದು ಸಿಕ್ಕಿದ್ದು ಟೇಪಿನ ಒಳಗೆ.

ಆಮೇಲಿನದು ಗುರುತಿನ ಕೆಲಸ, ನನಗೆ ಬಹಳ ಹಿಡಿಸಿದ್ದು. ಪ್ರತಿ ತಂತಿಗೂ ಒಂದು ಮೈಬಣ್ಣ, ಅದರ ಮೇಲೆ ಸಣ್ಣ ಗೆರೆಯ ಬಣ್ಣ. ಕಪ್ಪಿನ ಮೇಲೆ ಬಿಳಿ ಗೆರೆ ಒಂದು, ನೀಲಿಯ ಮೇಲೆ ಹಳದಿ ಗೆರೆ ಇನ್ನೊಂದು. ಈ ಕಡೆಯ ತುದಿಗೂ ಆ ಕಡೆಯ ತುದಿಗೂ ಬಣ್ಣ ಹೊಂದಿಸಿದರೆ ಮುಗಿಯಿತು ಎನ್ನುವಂತಿಲ್ಲ, ಒಂದೇ ಬಣ್ಣದ್ದು ಎರಡು ಇರುತ್ತವೆ. ನಮ್ಮಲ್ಲಿ ಹಾಗೆ ಎರಡು ಜೋಡಿ ಇದ್ದವು. ಆಗ ಡ್ಯಾಶ್‌ಬೋರ್ಡಿನ ಕೆಳಗೆ ಇಸಿಎಂನ, ಅಂದರೆ ಎಂಜಿನ್ನಿನ ಕಂಪ್ಯೂಟರಿನ, ಕಪ್ಲರ್ ಕಳಚಿ, ಒಂದೊಂದು ಪಿನ್ನಿನಿಂದ ಕಡಿದ ತುದಿಯವರೆಗೆ ಮೀಟರ್ ಹಿಡಿದು 'ಪೀಂ' ಸದ್ದು ಕೇಳಬೇಕು. ಹಳೆಯ ಮೆಕ್ಯಾನಿಕ್‌ಗಳು ಎಲ್ಲಕ್ಕೂ ಬಳಸುವ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಕಾಕಾ ಇಲ್ಲಿ ಮುಟ್ಟಲಿಲ್ಲ. ಸೆನ್ಸರ್ ಕೆಲಸ ಮಾಡುವುದು 5 ವೋಲ್ಟಿನಲ್ಲಿ, ಬಲ್ಬು ಎಳೆಯುವಷ್ಟು ಕರೆಂಟನ್ನು ಇಸಿಎಂ ಒಳಗಿನ ಸಣ್ಣ ಭಾಗಗಳು ತಾಳುವುದಿಲ್ಲ. ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ಪರೀಕ್ಷಿಸುವ ಚಾಳಿಯನ್ನೂ ಅವರು ಒಪ್ಪರು. ನಮ್ಮ ಹವೆಯಲ್ಲಿ ಆ ತೂತಿನಿಂದ ನೀರು ಇಳಿದು ಒಂದು ಮಳೆಗಾಲದಲ್ಲಿ ತಾಮ್ರ ತಿನ್ನುತ್ತದೆ.

ತಾಮ್ರದ ವಿಷಯವೇ ಮುಂದಿನದು. ಕಡಿದ ತುದಿಯ ಹೊದಿಕೆ ಸುಲಿದರೆ ಒಳಗೆ ತಾಮ್ರ ಕಪ್ಪಾಗಿಯೋ ಹಸಿರಾಗಿಯೋ ಇರುತ್ತದೆ. ಅದರ ಮೇಲೆ ಬೆಸುಗೆ ಕೂರುವುದಿಲ್ಲ. ಹೊಳೆಯುವ ಕೆಂಪು ತಾಮ್ರ ಕಾಣುವವರೆಗೆ ಹಿಂದೆ ಹಿಂದೆ ಕತ್ತರಿಸುತ್ತಾ ಹೋಗಬೇಕು. 2014ರಲ್ಲಿ ಹಸಿರು ಮಳೆಯನ್ನೂ 2020ರಲ್ಲಿ ಗುಲಾಬಿ ಬಣ್ಣದ ರಸ್ತೆಯನ್ನೂ ಕಂಡ ಊರು ನಮ್ಮದು, ತಾಮ್ರ ಹಸಿರಾದರೆ ಆಶ್ಚರ್ಯಪಡುವವರು ಇಲ್ಲಿಲ್ಲ. ಹೀಗೆ ಕತ್ತರಿಸಿದ ಮೇಲೆ ತಂತಿ ಗಿಡ್ಡವಾಗುತ್ತದೆ. ಎಳೆದು ಸೇರಿಸಿದರೆ ಎಂಜಿನ್ ಅಲುಗಾಡಿದಾಗಲೆಲ್ಲ ಜಾಯಿಂಟಿಗೆ ಜಗ್ಗಾಟ. ನಡುವೆ ತುಂಡು ಸೇರಿಸಲೇಬೇಕು.

ಯಾವ ತುಂಡು? ಮನೆ ವಾಯರಿಂಗಿನದು ಬೇಡವೇ ಬೇಡ. ಎಂಜಿನ್ ಬಿಸಿ, ಎಣ್ಣೆ, ಅಲುಗಾಟ ತಾಳುವಂತೆ ಮಾಡಿದ ಆಟೋಮೊಬೈಲ್ ತಂತಿಯೇ ಬೇಕು, ದಪ್ಪವೂ ಮೊದಲಿದ್ದಷ್ಟೇ: ಸೆನ್ಸರಿನದು 0.5 ಚದರ ಮಿಲಿಮೀಟರ್ ಆದರೆ ಹೆಡ್‌ಲೈಟಿನದು ಅದರ ಎರಡು ಮೂರು ಪಟ್ಟು. ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುರ್ಲಾದ ಗುಜರಿಯಿಂದ ಇನ್ನೊಂದು 800ರ ಹಾರ್ನೆಸ್ಸಿನ ಮೊಳದುದ್ದದ ತುಂಡು ತರಿಸಿ, ಅದರಿಂದ ಅದೇ ಬಣ್ಣ, ಅದೇ ಗೆರೆಯ ತಂತಿಗಳನ್ನು ಆರಿಸಿದರು. ಇಷ್ಟು ಕಷ್ಟ ಯಾಕೆ ಕಾಕಾ, ಕರೆಂಟಿಗೆ ಬಣ್ಣ ತಿಳಿಯುತ್ತದೆಯೇ ಎಂದೆ. "ಕರೆಂಟಿಗೆ ತಿಳಿಯಂಗಿಲ್ರಿ. ಮುಂದ ಯಾವನೋ ಹುಡುಗ ಇದನ್ನ ಬಿಚ್ತಾನ. ಬಿಳಿ ಹೋಗಿ ಕೆಂಪ ಆದ್ರ ಅವ ತಲಿ ಕೆರಕೊಂಡು ನನ್ನ ಬೈತಾನ." ನನ್ನ ಕಸುಬಿನಲ್ಲಿ, ಹತ್ತು ವರ್ಷ ಹಳೆಯ ಕೋಡಿನ ಮುಂದೆ ಕೂತು, ಅದನ್ನು ಬರೆದು ಕಂಪೆನಿ ಬಿಟ್ಟುಹೋದವನನ್ನು ನಾವೂ ಹೀಗೇ ಬೈಯುತ್ತೇವೆ.

ಬೆಸುಗೆಯೋ ಕ್ರಿಂಪೋ ಎಂಬುದು ಈ ಕಸುಬಿನ ದ್ವೈತ-ಅದ್ವೈತ. ಕಾರ್ಖಾನೆಯವರು ಒತ್ತಿ ಕೂರಿಸುವ ಕ್ರಿಂಪನ್ನೇ ಬಳಸುತ್ತಾರೆ. ಬೆಸುಗೆಯ ಸೀಸ ಎಳೆಗಳ ನಡುವೆ ಮೇಲೇರಿ ತಂತಿಯನ್ನು ಕಡ್ಡಿಯಂತೆ ಗಡಸು ಮಾಡುತ್ತದೆ. ಗಡಸು ಮುಗಿದು ಮೆತ್ತಗಿನ ಭಾಗ ಶುರುವಾಗುವಲ್ಲಿ ಅಲುಗಾಟಕ್ಕೆ ಎಳೆಗಳು ಮುರಿಯುತ್ತವೆ ಎಂಬುದು ಅವರ ವಾದ. ಅದು ಸರಿ. ಆದರೆ ಕ್ರಿಂಪ್ ಸರಿಯಾಗಬೇಕಾದರೆ ಅಳತೆಗೆ ತಕ್ಕ ಥಿಂಬಲ್, ತಕ್ಕ ಇಕ್ಕಳ ಬೇಕು. ಸಾದಾ ಇಕ್ಕಳದಲ್ಲಿ ಚಪ್ಪಟೆ ಮಾಡಿದ ಕ್ರಿಂಪಿಗಿಂತ ಒಳ್ಳೆಯ ಬೆಸುಗೆ ಸಾವಿರ ಪಾಲು ಮೇಲು ಎಂದು ಎರಡು ದಿನ ನೋಡಿದ ಮೇಲೆ ನನ್ನ ಅಭಿಪ್ರಾಯ. ಕಾಕಾ ತಂತಿಯ ಎರಡು ತುದಿಗಳನ್ನು ಒಂದಕ್ಕೊಂದು ಬಿಗಿಯಾಗಿ ಸುತ್ತುತ್ತಿದ್ದರು, ಹಗ್ಗದ ಗಂಟಿನ ಹಾಗೆ. ಎಳೆದರೂ ಬಿಡದ ಈ ಸುತ್ತು ಟೆಲಿಗ್ರಾಫ್ ಕಾಲದ್ದು, ಅದನ್ನು ಬಳಸಿದ ಅಮೆರಿಕದ ಟೆಲಿಗ್ರಾಫ್ ಕಂಪೆನಿಯ ಹೆಸರಿನಿಂದ ವೆಸ್ಟರ್ನ್ ಯೂನಿಯನ್ ಸ್ಪ್ಲೈಸ್ ಎನ್ನುತ್ತಾರೆ ಎಂದು ಆಮೇಲೆ ಓದಿದೆ. ಕಾಕಾರಿಗೆ ಅದು ಬರೀ 'ಮರೋಡಿ'. ಅದರ ಮೇಲೆ ರಾಳದ ಫ್ಲಕ್ಸ್ ಇರುವ 60-40ರ ಬೆಸುಗೆ, ತೆಳ್ಳಗೆ, ಎಳೆಗಳ ಆಕಾರ ಕಾಣುವಷ್ಟೇ. ತಗಡಿನ ಕೆಲಸದವರ ಆಸಿಡ್ ಫ್ಲಕ್ಸ್ ಹಾಕಿದರೆ ಅದು ಒಳಗೇ ಉಳಿದು ತಾಮ್ರವನ್ನು ತಿನ್ನುತ್ತಾ ಕೂರುತ್ತದೆ.

ಬರೀ ತಿರುಚಿ ಟೇಪ್ ಸುತ್ತಿದರೆ ಏನಾಗುತ್ತದೆ? ನಮ್ಮ ಗಾಡಿಯದ್ದೇ ಲೆಕ್ಕ ಹಾಕಿ. ಲೋ ಬೀಮಿನಲ್ಲಿ ಎರಡು ಹೆಡ್‌ಲೈಟು, ತಲಾ 55 ವಾಟ್. 12 ವೋಲ್ಟಿಗೆ ಒಟ್ಟು 9 ಆಂಪಿಯರ್ ಚಿಲ್ಲರೆ. ಎರಡಕ್ಕೂ ಕರೆಂಟ್ ಒಯ್ಯುವ ತಂತಿಯಲ್ಲಿ ಒಂದು ಸಡಿಲ ಜಾಯಿಂಟು, ಅದರ ರೋಧ ಒಂದು ಓಮ್‌ನ ಹತ್ತನೇ ಒಂದು ಭಾಗ ಮಾತ್ರ ಎನ್ನಿ. ಅಲ್ಲಿ ಬಿಸಿಯಾಗಿ ಸೋರುವ ಶಕ್ತಿ ಎಂಟು ವಾಟಿಗಿಂತ ಹೆಚ್ಚು. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಟೇಪಿನೊಳಗೆ ಸುತ್ತಿಟ್ಟು ಪನವೇಲಿನ ತನಕ ಓಡಿಸಿದಂತೆ. ಫ್ಯೂಸ್ ಹಾರುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಿಲ್ಲ. ಹಳೆ ಗಾಡಿಗಳು ಹೊತ್ತಿಕೊಳ್ಳುವ ಒಂದು ದಾರಿ ಇದು. ನಾನು ಅಪ್ಪನಿಗೆ ಈ ಲೆಕ್ಕ ತೋರಿಸಿದಾಗ ಅವರು ಮೊದಲ ಸಲ, "ಎರಡು ದಿನ ಅಲ್ಲ, ನಾಲ್ಕು ದಿನ ತೆಗೆದುಕೊಳ್ಳಲಿ" ಎಂದರು.

ಹದಿನಾಲ್ಕು ಜಾಯಿಂಟುಗಳನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಕಟ್ಟು ಹಾವು ಇಲಿ ನುಂಗಿದಂತೆ ಉಬ್ಬುತ್ತದೆ, ಒಂದಕ್ಕೊಂದು ತಾಗಿ ಸವೆಯುತ್ತವೆ. ಆದ್ದರಿಂದ ಒಂದನ್ನು ಇಲ್ಲಿ, ಇನ್ನೊಂದನ್ನು ಒಂದೂವರೆ ಇಂಚು ಆಚೆಗೆ ಹಾಕುತ್ತಾ ಹೋದರು. ಪ್ರತಿಯೊಂದಕ್ಕೂ ಒಳಗೆ ಅಂಟು ಇರುವ ಸ್ಲೀವು. ಅದನ್ನು ಬೆಸುಗೆಗೆ ಮೊದಲೇ ತಂತಿಗೆ ತೊಡಿಸಿ ದೂರ ಸರಿಸಿಟ್ಟಿರಬೇಕು. ಲೈಟರಿನ ಬದಲು ಬಿಸಿಗಾಳಿಯ ಗನ್ ಹಿಡಿದರೆ ಸ್ಲೀವು ಸುತ್ತಲೂ ಸಮನಾಗಿ ಕುಗ್ಗಿ, ಅಂಟು ಎರಡೂ ತುದಿಯಲ್ಲಿ ಸಣ್ಣ ಉಂಗುರದಂತೆ ಹೊರಬರುತ್ತದೆ. ಆ ಉಂಗುರ ಕಂಡರೆ ನೀರು ಒಳಗೆ ಹೋಗುವುದಿಲ್ಲವೆಂದು ಅರ್ಥ. ಸ್ಲೀವು ಮತ್ತು ಬಟ್ಟೆ ಟೇಪನ್ನು ನಾನು ಲ್ಯಾಮಿಂಗ್ಟನ್ ರಸ್ತೆಯಿಂದ ತಂದುಕೊಟ್ಟಿದ್ದೆ.

ಎರಡು ತಂತಿಗಳಿಗೆ ಬೇರೆ ಉಪಚಾರ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರಿನದಕ್ಕೆ ಬೆಸುಗೆ ಹಾಕದೆ ಕ್ರಿಂಪನ್ನೇ ಹಾಕಿದರು. ಹಲವು ಮಾದರಿಗಳಲ್ಲಿ ಆ ಸೆನ್ಸರ್ ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ತಂತಿಯ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತದೆ, ಬೆಸುಗೆ ಅದರ ಮೂಗು ಕಟ್ಟುತ್ತದೆ. ಇನ್ನೊಂದು, ಜಾಳಿಗೆ ಸುತ್ತಿದ ಸೆನ್ಸರ್ ತಂತಿ. ಆ ಜಾಳಿಗೆಯನ್ನೂ ಮತ್ತೆ ಸೇರಿಸಬೇಕು, ಆದರೆ ಅದು ಅರ್ಥ್ ಆಗಬೇಕಾದದ್ದು ಒಂದೇ ತುದಿಯಲ್ಲಿ. ಎರಡೂ ಕಡೆ ಅರ್ಥ್ ಮಾಡಿದರೆ ಅದೇ ಆಂಟೆನಾ ಆಗಿ ಎಂಜಿನ್ ಮಿಸ್ ಹೊಡೆಯತೊಡಗುತ್ತದೆ.

ಭಾನುವಾರ ಸಂಜೆ ಪರೀಕ್ಷೆ. ಕಾಕಾ ನೇರ ಫ್ಯೂಸ್ ಹಾಕಲಿಲ್ಲ. ಪ್ರತಿ ಫ್ಯೂಸಿನ ಜಾಗದಲ್ಲಿ ಮೊದಲು 21 ವಾಟಿನ ಇಂಡಿಕೇಟರ್ ಬಲ್ಬೊಂದನ್ನು ಎರಡು ತಂತಿಯಿಂದ ಸಿಕ್ಕಿಸಿದರು. ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಆದರೆ ಅದರ ಮೂಲಕ ಎರಡು ಆಂಪಿಯರ್ ಕೂಡ ದಾಟುವುದಿಲ್ಲ, ತಂತಿ ಉಳಿಯುತ್ತದೆ. ಬಲ್ಬು ಮಂದವಾಗಿದ್ದರೆ ಅಥವಾ ಆರಿದ್ದರೆ ಸರಿ, ಆಗ ಫ್ಯೂಸ್ ಹಾಕು. ಎಪ್ಪತ್ತು ರೂಪಾಯಿಯೂ ಬೆಲೆಬಾಳದ ಈ ಉಪಾಯವನ್ನು ನನಗೆ ಎಂಜಿನಿಯರಿಂಗಿನ ನಾಲ್ಕು ವರ್ಷ, ಎಂ.ಟೆಕ್‌ನ ಎರಡು ವರ್ಷದಲ್ಲಿ ಯಾರೂ ತೋರಿಸಿರಲಿಲ್ಲ. ಒಂದೂ ಬಲ್ಬು ಝಗ್ಗೆನ್ನಲಿಲ್ಲ. ಕೀ ತಿರುಗಿಸಿದಾಗ ಹಿಂದಿನಿಂದ ಪಂಪಿನ ಗುಂಯ್ ಸದ್ದು, ಎಂಜಿನ್ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಿತು. ಮೂರೂ ಸಿಲಿಂಡರ್ ಸಮನಾಗಿ ಬಡಿಯುತ್ತಿದ್ದವು.

ಅಲ್ಲಿಗೆ ಮುಗಿಸುವವರೇ ಹೆಚ್ಚು. ಕೊನೆಯದೊಂದು ಪರೀಕ್ಷೆಯನ್ನು ನೀವು ಕೇಳಿ ಮಾಡಿಸಿಕೊಳ್ಳಿ. ಹೆಡ್‌ಲೈಟ್ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಪ್ಲಸ್ ಪಿನ್ನಿಗೆ. ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಅದು ಹೇಳುತ್ತದೆ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಒಂದು ಜಾಯಿಂಟ್ ಹುಳುಕು. ನಮ್ಮದು 0.3 ತೋರಿಸಿತು. ಆಮೇಲೆ ಬಟ್ಟೆ ಟೇಪು ಸುತ್ತಿ, ಸೀಳು ಪೈಪು ತೊಡಿಸಿ, ಬಾಡಿಯ ತೂತಿನಲ್ಲಿ ಹರಿದಿದ್ದ ರಬ್ಬರ್ ಬಳೆ ಬದಲಿಸಿದರು. ಆ ಬಳೆ ಇಲ್ಲದಿದ್ದರೆ ಇಲಿಯ ಕೆಲಸವನ್ನು ತಗಡಿನ ಅಂಚು ಮುಂದುವರಿಸುತ್ತದೆ.

ಕಾಕಾ ತೆಗೆದುಕೊಂಡದ್ದು ಸಾಮಾನು ಸೇರಿ 3,200 ರೂಪಾಯಿ. ಮಗ ಈ ಕೆಲಸಕ್ಕೆ ಬರುವುದಿಲ್ಲ, ಪುಣೆಯಲ್ಲಿ ಡೆಲಿವರಿ ಕಂಪೆನಿಯಲ್ಲಿದ್ದಾನೆ. ಶೆಡ್ಡಿನ ಹಿಂದೆಯೇ ಟವರ್ ಏಳುತ್ತಿದೆ. ಇನ್ನೆಷ್ಟು ವರ್ಷ ಎಂದು ನಾನು ಕೇಳಲಿಲ್ಲ, ಅವರೇ, "ರಸ್ತಾ ಅಗಲ ಆಗೋತನಕ" ಎಂದರು.

ಆಗಸ್ಟ್ ಎರಡನೇ ವಾರ ಅಪ್ಪನೇ ಓಡಿಸಿಕೊಂಡು ಹೋಗಿ ಕಲ್ಯಾಣ್ ಆರ್‌ಟಿಓದಲ್ಲಿ ತೋರಿಸಿದರು. ದೀಪ, ಹಾರ್ನ್, ಬ್ರೇಕ್, ಚಾಸಿ ನಂಬರ್ ನೋಡಿದರು, ಐದು ವರ್ಷಕ್ಕೆ ಆರ್‌ಸಿ ಸಿಕ್ಕಿತು. ಅಲ್ಲಿ ಯಾರೂ ಬಾನೆಟ್ಟಿನೊಳಗಿನ ಕಟ್ಟು ನೋಡಲಿಲ್ಲ.

ಇಲಿಗೆ ಏನು ಮಾಡಿದಿರಿ ಎಂದು ಕೇಳುವವರಿಗೆ: ವಿಷ ಇಡಬೇಡಿ, ಅದು ಡ್ಯಾಶ್‌ಬೋರ್ಡಿನೊಳಗೆ ಹೋಗಿ ಸತ್ತರೆ ವಾಸನೆ ತೆಗೆಯಲು ಇನ್ನೊಂದು ಸಾವಿರ. ಖಾರ ಹಚ್ಚಿದ ಟೇಪು ಹೊರದೇಶದಲ್ಲಿ ಸಿಗುತ್ತದೆ, ಹೋಂಡಾ ಕಂಪೆನಿಯೇ ಮಾರುತ್ತದೆ. ನಾವು ಗಾಳಿ ಬರುವ ಕಿಂಡಿಗೆ ಕಬ್ಬಿಣದ ಜಾಳಿಗೆ ಕಟ್ಟಿಸಿದೆವು, ಪಾರ್ಕಿಂಗ್ ಪಕ್ಕದ ಕಸದ ಡಬ್ಬಿಯನ್ನು ಸೊಸೈಟಿಯ ಮೀಟಿಂಗಿನಲ್ಲಿ ಜಗಳವಾಡಿ ಗೇಟಿನ ಆಚೆಗೆ ಸಾಗಿಸಿದೆವು. ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡುವ ಊರ ಮದ್ದಿನ ಮೇಲೆ ನನಗೆ ನಂಬಿಕೆಯಿಲ್ಲ. ಅಪ್ಪನಿಗಿದೆ. ತಿಂಗಳಿಗೊಮ್ಮೆ ಸ್ಟೇಷನ್ ಹತ್ತಿರದ ಪಾನ್ ಅಂಗಡಿಗೆ ಹೋಗಿ ಎರಡು ಎಲೆ ತರುತ್ತಾರೆ, ಅದೂ ಆ ಗಾಡಿಯಲ್ಲೇ ಹೋಗಿ.